ಒಗೆಯದ ಅಂಗಿ

"ಏ ಡೆಲಿಯಾ, ಆ ಅಂಗಿ ನೀರಿಗೆ ಹಾಕ್ಬೇಡ್ವೇ!"

ಅತ್ತೆ ಸಾತುರ್ನಿನಾ ಅಂಗಳಕ್ಕೆ ಓಡಿ ಬಂದು, ಸೊಸೆಯ ಕೈಯಿಂದ ಮೊಮ್ಮಗಳ ಅಂಗಿಯನ್ನು ಕಿತ್ತುಕೊಂಡಳು. ಕಲ್ಲಿನ ಮೇಲೆ ಹಾಸಿಗೆಯ ಬಟ್ಟೆ ಅರ್ಧ ಹಿಂಡಿದಂತೆಯೇ ಉಳಿಯಿತು. ಒಂಬತ್ತು ವರ್ಷದ ಮಾರ್ಲೆನಿ ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡಿದ್ದಳು.

"ಮೈಯ ವಾಸನೆ ಇರ್ಬೇಕು ಕಣೆ. ಇಲ್ದಿದ್ರೆ ಬೆದರಿ ಬಿದ್ದುಹೋದ ಜೀವ ತನ್ನವಳು ಯಾರು ಅಂತ ಹೇಗೆ ಗುರುತು ಹಿಡಿಯತ್ತೆ? ಇವತ್ತು ಶುಕ್ರವಾರ. ಸೇತುವೆ ಹತ್ರ, ಆ ನಾಯಿ ಅಟ್ಟಿಸ್ಕೊಂಡು ಬಂತಲ್ಲ, ಅಲ್ಲೇ ಅಂಗಿ ಬೀಸಿ 'ಹಂಪುಯ್, ಹಂಪುಯ್, ವಾಪಸ್ ಬಾ ತಾಯಿ' ಅಂತ ಕರೀತೀನಿ."

"ಮಂಗಳವಾರಾನೂ ಕರೆದ್ರಲ್ಲ ಅತ್ತೆ."

"ಬರ್ಲಿಲ್ಲ. ನಿನ್ನ ತವರಿನವರ ಹಟ ಅದಕ್ಕೂ ಬಂದಿದೆ."

ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಹುರಿದ ಮೆಕ್ಕೆಜೋಳ ಮೆಲ್ಲುತ್ತಿದ್ದ ಡೆಲಿಯಾಳ ಗಂಡ ಎಫ್ರಾಯಿನ್ ಗಟ್ಟಿಯಾಗಿ ನಕ್ಕ. ಅಯಾಕುಚೋ ಪಟ್ಟಣದ ಹೈಸ್ಕೂಲಿನಲ್ಲಿ ಅವನು ಜೀವಶಾಸ್ತ್ರದ ಮೇಷ್ಟ್ರು. ಮನೆಯಲ್ಲೂ ಮೇಷ್ಟ್ರೇ.

"ಬಿದ್ದುಹೋಗೋಕೆ ಜೀವ ಏನು ಅಂಗಿ ಗುಂಡಿನಾ ಅಮ್ಮಾ? ಅದೆಲ್ಲ ನರ. ನಮ್ಮ ಅಪ್ಪಣೆ ಕೇಳದೆ ತಾನೇ ಕೆಲಸ ಮಾಡೋ ನರ. ಮಾರ್ಲೆನಿ! ಬಾರೇ ಇಲ್ಲಿ!"

ಒಲೆಯ ಬದಿಯಲ್ಲಿ ಗಿನಿಹಂದಿಗಳಿಗೆ ಸೊಪ್ಪು ಹಾಕುತ್ತಿದ್ದ ಹುಡುಗಿ ಎದ್ದು ಬಂದು ಕುರ್ಚಿಯ ಮುಂದೆ ನಿಂತಳು.

"ಅಪಾಯ ಎದುರಾದ್ರೆ ಮೈಯೊಳಗೆ ಏನಾಗತ್ತೆ? ನಿನ್ನೆ ತಾನೇ ಹೇಳ್ಕೊಟ್ಟಿದ್ದೆ. ಹೇಳು!"

ಮಾರ್ಲೆನಿ ಒಣಗಿದ ತುಟಿ ನೆಕ್ಕಿಕೊಂಡಳು.

ಅವನು ಮೇಜು ಗುದ್ದಿದ. "ಬಾಯಿ ಒಣಗತ್ತೆ! ಗುಂಡಿಗೆ ಓಡತ್ತೆ! ಕೈ ತಣ್ಣಗಾಗತ್ತೆ, ಕಣ್ಣಿನ ಪಾಪೆ ಅಗಲ ಆಗತ್ತೆ, ಹೊಟ್ಟೆ ಕೆಲಸ ನಿಲ್ಲಿಸತ್ತೆ. ಅಪಾಯ ಹೋದ್ಮೇಲೆ ಇನ್ನೊಂದು ನರ ಲಗಾಮು ಎಳೆದು ಎಲ್ಲಾ ಶಾಂತ ಮಾಡತ್ತೆ. ಕತ್ತೆಗೂ ಅರ್ಥ ಆಗೋ ಪಾಠ ಇದು!"

ಒಂದೊಂದಕ್ಕೂ ಒಂದೊಂದು ಬೆರಳು ಮಡಿಸುತ್ತ ಹೋದ. ಅವನು ಹೇಳಿದ್ದೆಲ್ಲ ಅವನೆದುರೇ, ಎರಡು ಜಡೆ ಹಾಕಿಕೊಂಡು ನಿಂತಿತ್ತು. ಮೇಷ್ಟ್ರು ನೋಡಿದ್ದು ಮಾತ್ರ ತಮ್ಮ ಬೆರಳುಗಳನ್ನು.

ಡೆಲಿಯಾ ಒಳಗೆ ಬಂದು ಮಗಳ ಕೈ ಹಿಡಿದುಕೊಂಡಳು. ಬೆಟ್ಟದ ನೀರಿನಲ್ಲಿ ಬೆಳಗಿನಿಂದ ಅದ್ದಿದ್ದ ಅವಳ ಕೈಗಿಂತಲೂ ಅದು ತಣ್ಣಗಿತ್ತು.

"ಸಾಕು ನಿನ್ನ ನರದ ಪುರಾಣ," ಎಂದು ಸಾತುರ್ನಿನಾ ಮಗನನ್ನು ಗದರಿ, ಅಂಗಿಯನ್ನು ಹೆಗಲಿಗೆ ಹಾಕಿಕೊಂಡಳು. "ನಡಿ ಪುಟ್ಟಿ, ಸೇತುವೆಗೆ ಹೋಗೋಣ. ಜೀವ ಎಲ್ಲಿ ಬಿತ್ತೋ ಅಲ್ಲೇ ನಿಂತು ಕರೀಬೇಕು. ಬೇರೆ ಕಡೆ ಗಂಟಲು ಹರ್ಕೊಂಡ್ರೂ ಅದಕ್ಕೆ ಕೇಳ್ಸಲ್ಲ."

ಮಾರ್ಲೆನಿ ಕದಲಲಿಲ್ಲ. ಅಜ್ಜಿಯ ಹೆಗಲ ಮೇಲಿನ ಅಂಗಿಯನ್ನು ನೋಡಿದಳು. ಆಮೇಲೆ ಕುರ್ಚಿಯ ಕಾಲುಗಳನ್ನು. ಅಮ್ಮನ ಬೆರಳನ್ನು ಬಿಗಿಯಾಗಿ ಹಿಡಿದು, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅಜ್ಜೀ, ಜೀವ ಬಿದ್ದ ಜಾಗದಲ್ಲಿ ಅಪ್ಪ ಕುರ್ಚಿ ಹಾಕ್ಕೊಂಡು ಕೂತಿದ್ರೆ, ಅದನ್ನ ಹೇಗೆ ಕರೆಯೋದು?"