ಉಡಿಯ ಖಣ

ಓಣಿಯವರ ಮುಂದೆ ಜಂಬ ಕೊಚ್ಚಿಕೊಂಡು, ಅವನು ತನ್ನ ಹಳೇ ಕಾರಿನ ಎಂಜಿನ್ ಮೇಲಿನ ಮುಚ್ಚಳ, ಸಿಲಿಂಡರ್ ಹೆಡ್ಡನ್ನು ಅಂಗಳದಲ್ಲೇ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಕೂರಿಸಿದ. ಕೀ ತಿರುಗಿಸಿದರೆ ಎಂಜಿನ್ ಮಿಸುಕಲಿಲ್ಲ. ಯಾರೋ ಕಿಸಕ್ಕೆಂದರು. ಅವನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಹೆಂಡತಿ ಹೊರಬಂದಳು. "ನಮ್ಮಕ್ಕ ಉಡಿ ತುಂಬಿದ ಹಸಿರು ಕುಪ್ಪಸದ ಖಣ ಇಲ್ಲೇ ಕಟ್ಟಿ ಮ್ಯಾಲ ಇಟ್ಟಿದ್ದೆ, ಕಾಣವಲ್ದು."

ಮುಸುರೆ ತಿಕ್ಕುತ್ತಿದ್ದ ಕೆಲಸದ ನೀಲವ್ವ ಗಾಬರಿಯಾದಳು. "ದೇವರಾಣಿ, ನಾ ಮುಟ್ಟಿಲ್ರೀ."

"ಮತ್ತ್ಯಾರು ಮುಟ್ಟತಾರ?" ಎಂಜಿನ್ನಿನ ಸಿಟ್ಟನ್ನೆಲ್ಲ ಅವನು ಅವಳ ಮೇಲೆ ತೀರಿಸಿಕೊಂಡ. "ನಾಳಿಂದ ಬರಬ್ಯಾಡ."

ಅವಳು ಕಣ್ಣೊರೆಸುತ್ತ ಹೋದಳು.

ಅವನು ಹೆಡ್ ಮತ್ತೆ ಬಿಚ್ಚಿದ. ಧೂಳು ಬೀಳಬಾರದೆಂದು ಕಟ್ಟೆಯ ಮೇಲಿಂದ ಎತ್ತಿ ಸಿಲಿಂಡರಿನೊಳಗೆ ತಾನೇ ತುರುಕಿ ಮರೆತಿದ್ದ ಬಟ್ಟೆ ಕೈಗೆ ಬಂತು. ಎಣ್ಣೆ ಹತ್ತಿ ಕಪ್ಪಾಗಿದ್ದರೂ ಹಸಿರು ಇನ್ನೂ ಕಾಣುತ್ತಿತ್ತು.

"ಏನ್ರೀ ಅದು?" ಹೆಂಡತಿ ಕೇಳಿದಳು.

ಅವನು ಮುಷ್ಟಿ ಬಿಗಿಹಿಡಿದ. "ಏನಿಲ್ಲ. ಕೈ ಒರಸೋ ಅರಿವಿ."