ದೂರದವರಿಗೆ ಜಾಗ

ಹವ್ಯಾಸಿಗಳ ವಿಎಚ್‌ಎಫ್ ರೇಡಿಯೊದ ಅಲೆ ಸಾಮಾನ್ಯವಾಗಿ ಪಕ್ಕದ ತಾಲೂಕು ದಾಟಿದರೆ ಹೆಚ್ಚು. ಆದರೆ ಗಾಳಿ ನಿಂತು ಸೆಖೆ ಕವಿದ ದಿನ ಅದು ಕಡಲನ್ನೇ ದಾಟಿಬಿಡುವುದುಂಟು. ಅಂಥದೊಂದು ದಿನ ಮಸ್ಕತ್ತಿನವರ ಜೊತೆ ಮಾತಾಡಬೇಕೆಂದು ಮಂಗಳೂರಿನ ವಾರಿಜಾಕ್ಷಿ ಎರಡು ಬೇಸಿಗೆಯಿಂದ ಕಾದಿದ್ದಳು. ಅವಳ ರೇಡಿಯೊ ಕ್ಲಬ್ಬಿನಲ್ಲಿ ಇನ್ನೂ ಯಾರಿಗೂ ಮಸ್ಕತ್ ಸಿಕ್ಕಿರಲಿಲ್ಲ. "ನಿಮ್ಮ ಲೈಸೆನ್ಸು ಹರಟೆಗೆ ಸಾಕು ಬಿಡಿ" ಎಂದು ಅಧ್ಯಕ್ಷ ಶೇಷಪ್ಪಯ್ಯ ನಗುತ್ತಿದ್ದರು.

ಆ ಬೆಳಿಗ್ಗೆ ತೆಂಗಿನ ಗರಿಯೂ ಅಲುಗುತ್ತಿರಲಿಲ್ಲ. ರೇಡಿಯೊ ಹಾಕಿದರೆ ಯಾರೋ ಇಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು, ಪಕ್ಕದ ಮನೆಯವರಷ್ಟು ಸ್ಪಷ್ಟವಾಗಿ. ಕರೆಯುವ ಮೊದಲು ಜಾಗ ಉಂಟೇ ಎಂದು ಕೇಳುವುದು ರೇಡಿಯೊದವರ ಮರ್ಯಾದೆ. ವಾರಿಜಾಕ್ಷಿಯಂತೂ ಮದುವೆಯ ಊಟದ ಪಂಕ್ತಿಯಲ್ಲೂ ಮೂರು ಸಲ ಕೇಳಿಯೇ ಕೂರುವವಳು.

"ಚಾನೆಲ್ ಖಾಲಿ ಉಂಟಾ?"

"ಇಲ್ಲ ಅಕ್ಕಾ, ದೂರದವರಿಗೆ ಕಾಯ್ತಾ ಇದ್ದೇವೆ. ಸ್ವಲ್ಪ ಬಿಟ್ಟುಕೊಡಿ."

"ಅಯ್ಯೋ, ಸಾರಿ ಸಾರಿ! ನನ್ನದೇನೂ ಅರ್ಜೆಂಟಿಲ್ಲ."

ರೇಡಿಯೊ ಆರಿಸಿ, ಊರಿನವರ ಈ ಕಾಟದಲ್ಲಿ ಮಸ್ಕತ್ ಸಿಕ್ಕ ಹಾಗೆಯೇ ಎಂದು ಗೊಣಗುತ್ತಾ ದೋಸೆ ಹೊಯ್ಯಲು ಹೋದಳು.

ಸಂಜೆ ಕ್ಲಬ್ಬಿನಲ್ಲಿ ಶೇಷಪ್ಪಯ್ಯ ಲಡ್ಡು ಹಂಚುತ್ತಿದ್ದರು.

"ಮಸ್ಕತ್ ಸಿಕ್ಕಿತು ಮಾರಾಯ್ರೆ! ನಮ್ಮ ಕನ್ನಡದ ಹುಡುಗರೇ. ಪಾಪ, ಬೆಳಿಗ್ಗೆಯಿಂದ ಇಂಡಿಯಾಕ್ಕೆ ಕಾಯ್ತಾ ಇದ್ದರಂತೆ. ನಡುವೆ ಅಲ್ಲಿಯವರೇ ಯಾರೋ ಅಕ್ಕ ಅಡ್ಡ ಬಂದರಂತೆ. ಪುಣ್ಯಕ್ಕೆ ಮರ್ಯಾದಸ್ತೆ, ಹೇಳಿದ ಕೂಡಲೇ ಹೋಗಿಬಿಟ್ಟರಂತೆ!"