ಚೆನ್ನಾಜಮ್ಮನ ಗಂಟಲು

ಹೆತ್ತು ಎರಡು ತಿಂಗಳಾದರೂ ವನಜಾಕ್ಷಿ ಮಗುವಿನ ಜೊತೆ ಒಂದು ಮಾತೂ ಆಡಿರಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯಿಂದ ನಿದ್ದೆ ಬರುತ್ತಿತ್ತು, ಅಳು ನಿಂತಿತ್ತು. ಮಗುವಿನ ಮುಂದೆ ಮಾತು ಮಾತ್ರ ಹೊರಡುತ್ತಿರಲಿಲ್ಲ. ಮಗು ನಗುತ್ತಿದ್ದುದು ದಿನಾ ನೀರೆರೆಯಲು ಬರುವ ಚೆನ್ನಾಜಮ್ಮನ ಹಾಡಿಗೆ.

ಒಂದು ಬೆಳಿಗ್ಗೆ ಚೆನ್ನಾಜಮ್ಮ ಬಚ್ಚಲಲ್ಲಿ ಕಾಲು ನೀಡಿ, ಮಗುವನ್ನು ಮಲಗಿಸಿಕೊಂಡು ಪಿಸುಗುಟ್ಟಿದಳು: "ಗಂಟ್ಲು ಕಟ್ಟೋಗದೆ ಕಣವ್ವ. ನೀನೇ ಮಾತಾಡ್ಸು, ಇಲ್ದಿದ್ರೆ ಕೂಸು ನೀರ್ಗೆ ಹೆದರ್ತದೆ."

"ಕೂಸಿಗೆ ನಾನ್ಯಾರೋ! ಏನಂತ ಮಾತಾಡ್ಲಿ ಅಜ್ಜಿ?"

"ಬಸ್ಸಲ್ಲಿ ಜನಕ್ಕೆ ಏನಂತಿದ್ದೆ?"

ಕಂಡಕ್ಟರ್ ವನಜಾಕ್ಷಿ ಗೋಡೆ ನೋಡುತ್ತಲೇ ಗೊಣಗಿದಳು: "ಯಾರ್ರೀ ಮದ್ದೂರು? ಬೇಗ ಇಳೀರಿ. ರೈಟ್, ರೈಟ್..."

ಮಗು ಕತ್ತು ಹೊರಳಿಸಿ, ಅವಳನ್ನೇ ನೋಡಿ, ಬೊಚ್ಚುಬಾಯಿ ಅಗಲಿಸಿ ನಕ್ಕಿತು.

ಹದಿನೈದು ದಿನವಾದರೂ ಚೆನ್ನಾಜಮ್ಮನ ಗಂಟಲು ಬಿಡಲಿಲ್ಲ. ಬಚ್ಚಲಿನ ಬಸ್ಸು ಮಂಡ್ಯ, ಮೈಸೂರು ದಾಟಿ ನಂಜನಗೂಡು ಮುಟ್ಟಿತು. ಹದಿನಾರನೆಯ ದಿನ ಪಕ್ಕದ ಬೀದಿಯ ಬಾಣಂತಿ ಮನೆಯಿಂದ ಚೆನ್ನಾಜಮ್ಮನ ಹಾಡು ಊರಿಗೆಲ್ಲ ಕೇಳುವಂತೆ ಬಂತು. ಸ್ವಲ್ಪ ಹೊತ್ತಿಗೆ ಅವಳೇ ಬಂದು, ಗಂಟಲು ಮುಟ್ಟಿ ತೋರಿಸಿ, ತಲೆಯಾಡಿಸಿದಳು.

ವನಜಾಕ್ಷಿ ಸೆರಗು ಸಿಕ್ಕಿಸಿ, ತಾನೇ ಕಾಲು ನೀಡಿ ಕೂತಳು.

"ಕಷಾಯ ಕುಡ್ದು ವಾಸಿ ಮಾಡ್ಕೊಂಡ್ಬುಟ್ಟೀಯೆ ಅಜ್ಜಿ, ಜ್ವಾಕೆ!"